ಎಂಟು ಕಂತು, ಒಂದು ಒಲೆ

ದಪ್ಪ ಪುಸ್ತಕ ಬರೆಯುವುದರಲ್ಲಿ ಒಂದು ಅನುಕೂಲವಿದೆ. ಅದನ್ನು ಯಾರೂ ಪೂರ್ತಿ ಓದುವುದಿಲ್ಲ. ಹಾಗಾಗಿ ಯಾರೂ ಪೂರ್ತಿ ಬೈಯುವುದೂ ಇಲ್ಲ. ನಾನು ಬರೆದ ‘ಹಿರೇಹೊಳೆಯ ಆಚೆ’ ಎಂಬ ಕಾದಂಬರಿ ಮೂರು ಸಂಪುಟಗಳಲ್ಲಿದೆ. ಕಂಪ್ಲಿಯ ನಮ್ಮ ಓಣಿಯಲ್ಲಿ ಅದು ಎಲ್ಲರ ಮನೆಯಲ್ಲೂ ಇದೆ, ಯಾಕೆಂದರೆ ನಾನೇ ಕೊಟ್ಟಿದ್ದೇನೆ. ಒಬ್ಬರ ಮನೆಯಲ್ಲಿ ಟೀವಿ ಸ್ಟ್ಯಾಂಡಿನ ಕುಂಟು ಕಾಲಿಗೆ ಎರಡನೆಯ ಸಂಪುಟ ಆಸರೆಯಾಗಿ ನಿಂತದ್ದನ್ನು ಕಣ್ಣಾರೆ ಕಂಡೆ. ಬೇಜಾರಾಗಲಿಲ್ಲ ಎಂದರೆ ಸುಳ್ಳು. ಆದರೆ ನನ್ನ ಸಾಹಿತ್ಯ ಒಂದಲ್ಲ ಒಂದು ದಿನ ಟೀವಿಗೆ ಉಪಯೋಗಕ್ಕೆ ಬರುತ್ತದೆ ಎಂಬ ಸೂಚನೆ ಆವತ್ತೇ ಸಿಕ್ಕಿತ್ತು ಎಂದು ಈಗ ಹೇಳಿಕೊಳ್ಳಬಹುದು.

ನಾನು ಅಕ್ಕಿ ಮಿಲ್ಲಿನ ಮನೆಯ ಸೊಸೆ. ಮನೆಯ ಹಿಂದೆಯೇ ಮಿಲ್ಲು. ಮಧ್ಯಾಹ್ನ ನಮ್ಮ ಮನೆಯವರು ಊಟಕ್ಕೆ ಬಂದು ಒಂದು ನಿದ್ದೆ ತೆಗೆಯುವ ತನಕ ಆಫೀಸಿನ ಕುರ್ಚಿ ಕಾಯುವ ಕೆಲಸ ನನ್ನದು. ಆ ಕುರ್ಚಿಯಲ್ಲಿ ಕೂತೇ ಕಾದಂಬರಿಯ ಬಹುಭಾಗ ಬರೆದೆ, ಭತ್ತದ ಧೂಳಿನಲ್ಲಿ, ಯಂತ್ರದ ಸದ್ದಿನಲ್ಲಿ. ನಿಮ್ಮ ಪಾತ್ರಗಳು ಯಾವಾಗಲೂ ಕೂಗಾಡುತ್ತವೆ, ಒಂದೂ ಪಿಸುಗುಟ್ಟುವುದಿಲ್ಲ ಎಂದು ಓದಿದವರೊಬ್ಬರು ದೂರಿದ್ದರು. ಮಿಲ್ಲಿನಲ್ಲಿ ಪಿಸುಗುಟ್ಟಿದರೆ ಕೇಳುವುದು ಯಾರಿಗೆ?

ಕಥೆ ಸಣ್ಣದು, ಹಬ್ಬಿಸಿದ್ದು ನಾನು. ಸಂಡೂರಿನ ಗುಡ್ಡಗಳಂಥ ಗುಡ್ಡಗಳ ಹೊಟ್ಟೆಯಲ್ಲಿ ಉಕ್ಕುಮುಕ್ಕ ಎಂಬ ಮೃಗವೊಂದಿದೆ. ಅದು ಕಬ್ಬಿಣ ತಿನ್ನುತ್ತದೆ. ಒಂದು ಗುಡ್ಡ ತಿಂದರೆ ಒಂದು ಗುಡ್ಡದಷ್ಟು ಬೆಳೆಯುತ್ತದೆ, ಬೆಳೆದಷ್ಟೂ ಹಸಿವು. ಹೊಳೆಯ ದಂಡೆಯ ಜನರ ರಾಣಿ ನೀಲಬ್ಬೆ ತನ್ನ ಪುಟ್ಟ ಮಗನನ್ನು ಕರೆದುಕೊಂಡು ಆ ಮೃಗವನ್ನು ಅಡಗಿಸಲು ಹೊರಡುತ್ತಾಳೆ. ಇಷ್ಟೇ. ಸಂಡೂರಿನ ಗಣಿಗಳ ಪಕ್ಕದ ಯಶವಂತನಗರದ ಸಭೆಯೊಂದರಲ್ಲಿ ಒಬ್ಬರು ಎದ್ದು, “ಇದು ಯಾವ ಕಂಪನಿ ಬಗ್ಗೆ ಬರದೀರಿ ಮೇಡಂ?” ಎಂದು ಕೇಳಿದರು. ಮೃಗದ ಬಗ್ಗೆ ಬರೆದದ್ದು ಎಂದೆ. ಸಭೆಯವರೆಲ್ಲ ಅರ್ಥವಾಯಿತು ಎನ್ನುವಂತೆ ತಲೆದೂಗಿದರು. ಹೊರಗೆ ಅದಿರಿನ ಲಾರಿಗಳು ಸಾಲಾಗಿ ಹೋಗುತ್ತಿದ್ದವು.

ಈ ಕಥೆಯನ್ನು ಮೊದಲು ಕೇಳಿದವರು ನಮ್ಮ ಅತ್ತೆ. ಕೇಳಿದವರು ಎಂದೇ ಹೇಳಬೇಕು. ಅವರಿಗೆ ಓದು ಬಾರದು. ಆದರೆ ಕೇಳುವುದರಲ್ಲಿ ಅವರನ್ನು ಮೀರಿಸಿದವರು ಕಂಪ್ಲಿಯಲ್ಲಿ ಇಲ್ಲ. ಶ್ರಾವಣದಲ್ಲಿ ಮಠದ ಪುರಾಣಕ್ಕೆ ಹೋಗುತ್ತಾರೆ. ಉಳಿದ ದಿನಗಳಲ್ಲಿ ಮಠವೇ ನಮ್ಮ ಪಡಸಾಲೆಗೆ ಬರುತ್ತದೆ. ಊಟದ ಪಾತ್ರೆ ತೊಳೆದ ಮೇಲೆ ಓಣಿಯ ಹೆಂಗಸರು ಸೇರುತ್ತಾರೆ. ಒಬ್ಬರು ಓದುತ್ತಾರೆ, ಒಬ್ಬರು ಅಕ್ಕಿ ಆರಿಸುತ್ತಾರೆ, ಶಂಕ್ರಮ್ಮ ಎಂಬವರು ಹತ್ತಿ ಹೊಸೆದು ಬತ್ತಿ ಮಾಡುತ್ತಾರೆ. ನಾನು ಮಿಲ್ಲಿನಲ್ಲಿ ಏನೋ ಗೀಚುತ್ತಿದ್ದೇನೆ ಎಂದು ಗೊತ್ತಾದಾಗ ಅತ್ತೆ, “ನಿಂದೂ ತಗೊಂಡು ಬಾ, ಕೇಳೋಣು” ಎಂದರು. ಹೀಗೆ ಮೂರು ಸಂಪುಟವೂ ಅಚ್ಚಾಗುವ ಮೊದಲು ಪಡಸಾಲೆಯಲ್ಲಿ ಓದಿಸಿಕೊಂಡಿತು. ಮುಗಿದ ದಿನ ಅತ್ತೆ ಒಂದೇ ಮಾತು ಕೇಳಿದರು: “ನೀಲಬ್ಬಿ ನೋಡಾಕ ಹೆಂಗಿದ್ದಾಳು?” ನಾನು ಪುಟಗಟ್ಟಲೆ ವರ್ಣಿಸಿದ್ದೆ. ಆದರೂ ಕೇಳಿದರು. ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತು.

ಆದ್ದರಿಂದ ಇಂಟರ್ನೆಟ್ಟಿನ ಮೂಲಕ ಮನೆಮನೆಗೆ ಸೀರಿಯಲ್ ತೋರಿಸುವ ಒಂದು ಕಂಪನಿಯಿಂದ ಫೋನ್ ಬಂದಾಗ, ನಿಮ್ಮ ಕಾದಂಬರಿಯನ್ನು ಎಂಟು ಕಂತಿನ ಸರಣಿ ಮಾಡುತ್ತೇವೆ ಎಂದಾಗ, ನನಗೆ ಕೀರ್ತಿ ನೆನಪಾಗಲಿಲ್ಲ, ನಂಬಿ. ಅತ್ತೆ ನೀಲಬ್ಬೆಯನ್ನು ನೋಡುತ್ತಾರೆ ಎಂಬುದು ನೆನಪಾಯಿತು. ಕೀರ್ತಿ ಒಂದರ್ಧ ಗಂಟೆಯ ಮೇಲೆ ನೆನಪಾಯಿತು.

ಚಿತ್ರಕಥೆ ಬರೆಯಲು ಬಂದವಳು ನಿವೇದಿತಾ, ಮೈಸೂರಿನ ಹುಡುಗಿ. ಮೂರೂ ಸಂಪುಟ ಓದಿದ್ದಳು. ಅಂಚಿನಲ್ಲಿ ಬಣ್ಣಬಣ್ಣದ ಚೀಟಿ ಅಂಟಿಸಿದ್ದಳು. ನನ್ನ ಪುಸ್ತಕ ಅಷ್ಟು ಅಲಂಕಾರ ಮಾಡಿಕೊಂಡದ್ದನ್ನು ನಾನು ನೋಡಿರಲಿಲ್ಲ. ಅವಳ ಜೊತೆ ಜಾಗ ನೋಡಲು ಹೊರಟೆ. ಹೊಸಪೇಟೆಯಲ್ಲಿ ಮಂಡಕ್ಕಿ ವಗ್ಗರಣಿ, ಮಿರ್ಚಿ ತಿಂದು ಹಂಪಿಗೆ ಹೋದೆವು. ಹೊಳೆ, ಹರಿಗೋಲು, ಬಂಡೆಗಳು, ಎಲ್ಲ ನನ್ನ ಪುಸ್ತಕದಲ್ಲಿ ಇದ್ದ ಹಾಗೇ ಇದ್ದವು. ಅವುಗಳನ್ನು ನೋಡಿಯೇ ಬರೆದದ್ದು ತಾನೆ. ಮಲಪನಗುಡಿಯ ಹಳೆಯ ಮೆಟ್ಟಿಲು ಬಾವಿಗೆ ಇಳಿದು ನಿವೇದಿತಾ, “ಅಬ್ಬಾ, ಇದೇ ಪಾತಾಳದ ಬಾಗಿಲು” ಎಂದಳು. ನಾನು ಹೆಮ್ಮೆಯಿಂದ ನಿಂತೆ, ಬಾವಿ ಕಟ್ಟಿಸಿದವಳು ನಾನೇ ಎಂಬಂತೆ.

ಆಮೇಲೆ ಗೊತ್ತಾಯಿತು, ಇಲ್ಲಿ ಏನೂ ಶೂಟಿಂಗ್ ಆಗುವುದಿಲ್ಲವಂತೆ. ಸ್ಮಾರಕದ ಹತ್ತಿರ ಬೆಂಕಿ ಹಚ್ಚುವಂತಿಲ್ಲ, ಕುದುರೆ ಓಡಿಸುವಂತಿಲ್ಲ, ಅದು ಸರಿಯೇ. ಬಿಸಿಲಿಗೆ ನಟರು ಕರಗುತ್ತಾರೆ, ಅದೂ ಸರಿಯಿರಬಹುದು. ಹಾಗಾಗಿ ದೂರದ ಯಾವುದೋ ಸ್ಟುಡಿಯೋದಲ್ಲಿ ಥರ್ಮೋಕೋಲಿನ ಬಂಡೆ ಮಾಡಿಸುತ್ತಾರಂತೆ. ಬಂಡೆಗೆ ಬರ ಬಂದ ಊರೇ ನಮ್ಮದು? ಹಿತ್ತಲಲ್ಲಿ ಪಾಯ ತೋಡಿದರೆ ಬಂಡೆ, ಹೊಲ ಉತ್ತರೆ ಬಂಡೆ, ಜಗಳವಾಡಿದರೆ ತಲೆ ಚಚ್ಚಿಕೊಳ್ಳಲು ಬಂಡೆ. ಬಂಡೆಯ ಚಿತ್ರ ತೆಗೆದುಕೊಂಡು ಹೋಗಿ ಥರ್ಮೋಕೋಲಿನಲ್ಲಿ ಕೆತ್ತುವವರಿಗೆ ನಾನು ಏನು ಹೇಳಲಿ? ನಮ್ಮ ಮನೆಯವರಿಗೆ ಈ ಸುದ್ದಿ ಭಾರೀ ಹಿಡಿಸಿತು. ಒಂದು ವಾರ ಮಿಲ್ಲಿಗೆ ಬಂದವರಿಗೆಲ್ಲ ಹೇಳಿ ನಕ್ಕರು.

ಮಹಾಕಥೆಯನ್ನು ಪರದೆಗೆ ಇಳಿಸುವುದು ಎಷ್ಟು ಕಷ್ಟ ಎಂಬುದು ನನಗೆ ಆಗ ಗೊತ್ತಾಗತೊಡಗಿತು. ಹಳೆಯ ಲಾಕ್ಷಣಿಕರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆ ಬೇಕು ಎಂದಿದ್ದಾರೆ: ಸಮುದ್ರ, ಪರ್ವತ, ಪಟ್ಟಣ, ಋತು, ಚಂದ್ರೋದಯ, ಜಲಕ್ರೀಡೆ, ಹೀಗೆ. ನಾನು ಒಂದನ್ನೂ ಬಿಡದೆ ಮಾಡಿದ್ದೆ. ಚಂದ್ರೋದಯವನ್ನು ಎರಡು ಸಲ. ನಿವೇದಿತಾಳ ಲೆಕ್ಕದಲ್ಲಿ ಹದಿನೆಂಟೂ ಸೇರಿ ಒಂದೇ ಡ್ರೋನ್ ಶಾಟ್. ಪರ್ವತದ ಮೇಲಿಂದ ಕ್ಯಾಮೆರಾ ಹಾರಿಹೋದರೆ ಸಮುದ್ರ, ಪಟ್ಟಣ, ಋತು ಎಲ್ಲ ಒಂದೇ ಉಸಿರಿಗೆ ಮುಗಿಯಿತು. ನಾನು ಆರು ತಿಂಗಳು ಬರೆದ ಮಳೆಗಾಲ ಅವಳ ಕಡತದಲ್ಲಿ “ಮಳೆ, ಸಂಜೆ” ಎಂದು ಎರಡು ಪದವಾಗಿ ಕೂತಿತ್ತು. ಇನ್ನು ಯುದ್ಧ. ನಮ್ಮ ಕಡೆ ಬಯಲಾಟದಲ್ಲಿ ಇಬ್ಬರು ವೇಷಧಾರಿಗಳು ಎರಡು ಸುತ್ತು ಕುಣಿದು ಕೈ ಎತ್ತಿದರೆ ಸಾವಿರಾರು ಜನರ ಸೈನ್ಯ ಕಾದಾಡಿತು ಎಂದು ಊರೇ ಒಪ್ಪುತ್ತದೆ. ಕಂಪ್ಯೂಟರಿನವರಿಗೆ ಆ ಸೌಲಭ್ಯವಿಲ್ಲ, ಪಾಪ. ಪ್ರತಿಯೊಬ್ಬ ಸೈನಿಕನ ಕಾಲಡಿಯ ಧೂಳನ್ನೂ ಅವರು ಬಿಡಿಸಬೇಕು. ನನ್ನ ಉಕ್ಕುಮುಕ್ಕನಿಗೆ ಮೈತುಂಬ ತುಕ್ಕಿನ ರೋಮ ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿನ ಖರ್ಚಿನಲ್ಲಿ ಮೂರು ಪಾತ್ರ ಬಿಡಬೇಕಾಯಿತು ಎಂದು ನಿವೇದಿತಾ ಸೌಮ್ಯವಾಗಿ ಹೇಳಿದಳು. ಬರೆಯುವಾಗ ರೋಮ ಪುಕ್ಕಟೆ ಇರುತ್ತದೆ. ಅದಕ್ಕೇ ನಾವು ಧಾರಾಳಿಗಳು.

ಭಾಷೆಯ ವಿಷಯದಲ್ಲೂ ಜಗ್ಗಾಟವಾಯಿತು. ನಿರ್ದೇಶಕರಿಗೆ ಎಲ್ಲರೂ ಪೌರಾಣಿಕ ಸಿನಿಮಾದ ಗ್ರಾಂಥಿಕ ಕನ್ನಡ ಮಾತಾಡಬೇಕು. ನನ್ನ ನೀಲಬ್ಬೆ ಯಾರನ್ನು ಕಂಡರೂ “ಬರ್ರಿ, ಕುಂದ್ರಿ” ಎನ್ನುವವಳು. ತುಂಗಭದ್ರೆಯಂಥ ಹೊಳೆಯ ದಂಡೆಯಲ್ಲಿ ಹುಟ್ಟಿದ ರಾಣಿ ಹಾಗಲ್ಲದೆ ಇನ್ನು ಹೇಗೆ ಮಾತಾಡುತ್ತಾಳೆ? ಕೊನೆಗೆ ನಿವೇದಿತಾ ದಾರಿ ಹುಡುಕಿದಳು. ಹೊಳೆಯ ಜನ ನಮ್ಮ ಕನ್ನಡ ಆಡಲಿ, ಉಕ್ಕುಮುಕ್ಕ ಮಾತ್ರ ಗ್ರಾಂಥಿಕ ಕನ್ನಡ ಆಡಲಿ. ನಾನು ತಕ್ಷಣ ಒಪ್ಪಿದೆ. ನಮ್ಮ ಕಡೆ ಪುಸ್ತಕದ ಹಾಗೆ ಮಾತಾಡುವವರನ್ನು ಜನ ಮೊದಲೇ ನಂಬುವುದಿಲ್ಲ. ಈ ಪ್ರಬಂಧವನ್ನು ನಾನು ಅದೇ ಭಾಷೆಯಲ್ಲಿ ಬರೆಯುತ್ತಿದ್ದೇನೆ ಎಂಬುದನ್ನು ನೀವು ದೊಡ್ಡ ಮನಸ್ಸು ಮಾಡಿ ಮರೆಯಬೇಕು.

ಇವೆಲ್ಲ ಹೇಗೋ ನೀಗಿದವು. ನೀಗದೆ ಉಳಿದದ್ದು ಒಂದೇ, ಅದು ಹುಕ್ಕು.

“ಮೇಡಂ, ನಿಮ್ಮ ಕಾದಂಬರೀಲಿ ದೊಡ್ಡ ಸಮಸ್ಯೆ ಏನು ಗೊತ್ತಾ?” ಎಂದು ನಿವೇದಿತಾ ಒಂದು ದಿನ ಪುಸ್ತಕ ಮುಂದಿಟ್ಟಳು. “ಪ್ರತಿ ಅಧ್ಯಾಯನೂ ಒಳ್ಳೇ ರೀತೀಲಿ ಮುಗಿಯುತ್ತೆ. ಯಾರೋ ಊಟ ಮಾಡ್ತಾರೆ, ಇಲ್ಲಾ ಮಲಗ್ತಾರೆ, ಇಲ್ಲಾ ಮಳೆ ಬರುತ್ತೆ. ಹೀಗಾದ್ರೆ ನೋಡೋರು ಟೀವಿ ಆಫ್ ಮಾಡಿ ಮಲಗಿಬಿಡ್ತಾರೆ. ಪ್ರತಿ ಕಂತಿನ ಕೊನೇಲಿ ಒಂದು ಹುಕ್ ಬೇಕು.”

ಹುಕ್ಕು ಎಂದರೆ ನನಗೆ ಮಿಲ್ಲಿನ ಹಮಾಲರ ಕೈಯ ಕೊಕ್ಕೆ ಕಣ್ಣಿಗೆ ಬಂತು. ಚೀಲಕ್ಕೆ ಚುಚ್ಚಿ ಎಳೆದರೆ ಚೀಲ ಬಂದೇ ಬರುತ್ತದೆ. ಎರಡು ಕಾಳು ಚೆಲ್ಲುತ್ತದೆ, ಅಷ್ಟೆ. ನೋಡುವವರಿಗೂ ಅಂಥದ್ದೇ ಒಂದು ಚುಚ್ಚಿ ಮುಂದಿನ ಕಂತಿಗೆ ಎಳೆದುಕೊಂಡು ಹೋಗಬೇಕು ಎಂಬುದು ಅವರ ವ್ಯವಹಾರದ ನಿಯಮ. ತಪ್ಪೆಂದು ನಾನು ಹೇಳುವುದಿಲ್ಲ. ವ್ಯವಹಾರದ ಮನೆಯವಳು ನಾನೂ.

ನನ್ನ ಅಧ್ಯಾಯಗಳು ಊಟದಲ್ಲಿ ಮುಗಿಯುವುದಕ್ಕೆ ಕಾರಣ ನಮ್ಮ ಪಡಸಾಲೆ. ಅಲ್ಲೊಂದು ನಿಯಮವಿದೆ. ಪುರಾಣ ಓದುವವರು ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ. ಸಾವು, ಶಾಪ, ಅಗಲಿಕೆ, ಬೆಂಕಿ ಇವುಗಳ ಮೇಲೆ ಪುಸ್ತಕ ಮುಚ್ಚಬಾರದು. ಓದುವವರ ಗಂಟಲು ಆರಲಿ, ಹೊತ್ತು ಮುಳುಗಲಿ, ಕೇಳುವವರನ್ನು ಒಂದು ನೆಮ್ಮದಿಯ ಜಾಗಕ್ಕೆ ತಂದು ಬಿಟ್ಟೇ ಮುಚ್ಚಬೇಕು. ನನ್ನ ಕಾದಂಬರಿಗೂ ಅತ್ತೆ ಅದೇ ನಿಯಮ ಹಾಕಿದ್ದರು. ರಾಕ್ಷಸರು ಕೋಟೆ ಮುರಿದ ಅಧ್ಯಾಯ ಓದಿ ಮುಚ್ಚಲು ಹೋದರೆ, “ಹಂಗ ಮುಚ್ಚಬ್ಯಾಡ” ಎನ್ನುತ್ತಿದ್ದರು. ಮುಂದೆ ಬರೆದೇ ಇರಲಿಲ್ಲ. ಕೂತಲ್ಲೇ ಬಾಯಿಗೆ ಬಂದ ಹಾಗೆ, ಕೋಟೆಯೊಳಗಿನ ಮುದುಕಿ ಉಳಿದವರಿಗೆಲ್ಲ ಅಂಬಲಿ ಕಾಸಿ ಕೊಟ್ಟಳು ಎಂದು ಸೇರಿಸಿದ್ದೆ. ಮರುದಿನ ಅದನ್ನೇ ಬರೆದೆ. ವಿಮರ್ಶಕರು ಇದನ್ನು ನನ್ನ ಶೈಲಿ ಎಂದರು. ನಾನೂ ಅಲ್ಲವೆನ್ನಲಿಲ್ಲ.

ಮೊದಲ ನಾಲ್ಕು ಕಂತು ಬರೆದಾದ ಮೇಲೆ ನಿವೇದಿತಾ ಮನೆಗೆ ಬಂದಳು. ಕಥೆ ನಮ್ಮ ಕಡೆಯ ಜನರಿಗೆ ಹೇಗೆ ತಟ್ಟುತ್ತದೆ ನೋಡಬೇಕು ಎಂಬುದು ಅವಳ ಆಸೆ. ಮಧ್ಯಾಹ್ನ ಪಡಸಾಲೆ ತುಂಬಿತು. ಶಂಕ್ರಮ್ಮ ಹತ್ತಿ ತೆಗೆದರು. ನಿವೇದಿತಾ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಓದಿದಳು. ಚೆನ್ನಾಗಿಯೇ ಓದಿದಳು, ಚೆನ್ನಾಗಿಯೇ ಬರೆದಿದ್ದಳು. ನಾನು ಇಪ್ಪತ್ತು ಪುಟ ಎಳೆದ ಸುಳಿಯ ಪ್ರಸಂಗ ಅವಳಲ್ಲಿ ನಾಲ್ಕೇ ಸಾಲು. ಹರಿಗೋಲು ಸುಳಿಗೆ ಸಿಕ್ಕಿ ಗಿರಗಿರ ತಿರುಗುತ್ತದೆ. ನೀಲಬ್ಬೆಯ ಕೈಯಿಂದ ಮಗನ ಕೈ ಜಾರುತ್ತದೆ. ನೀರು. ಕತ್ತಲು. ಇಷ್ಟು ಓದಿ ನಿವೇದಿತಾ ತೃಪ್ತಿಯಿಂದ ಲ್ಯಾಪ್‌ಟಾಪ್ ಮುಚ್ಚಿದಳು.

ಯಾರೂ ಏಳಲಿಲ್ಲ. ಶಂಕ್ರಮ್ಮನ ಕೈಯಲ್ಲಿ ಅರ್ಧ ಹೊಸೆದ ಬತ್ತಿ ಹಾಗೇ ನಿಂತಿತ್ತು.

“ಯಾಕ ಮುಚ್ಚಿದಿ ತಂಗಿ?” ಎಂದರು ಅತ್ತೆ.

“ಮೊದಲನೇ ಕಂತು ಮುಗೀತು ಅಜ್ಜಿ.”

“ಹುಡುಗ ನೀರಾಗ ಅದಾನ.”

“ಹೌದು. ಅದಕ್ಕೇ ಅಲ್ಲಿ ಮುಗಿಸಿದ್ದು.”

“ಅದಕ್ಕ ಅಲ್ಲಿ ಮುಗಸಬಾರದು. ಮುಂದ ಓದು.”

ಎರಡನೆಯ ಕಂತು ಓದಿದಳು. ಹುಡುಗ ಬದುಕಿದ, ಎಲ್ಲರೂ ಉಸಿರು ಬಿಟ್ಟರು. ಆದರೆ ಕಂತಿನ ಕೊನೆಗೆ ರಾಣಿಯ ಹಾಲಿಗೆ ಯಾರೋ ವಿಷ ಬೆರೆಸಿದರು, ರಾಣಿ ಲೋಟ ತುಟಿಗಿಟ್ಟಳು, ಕತ್ತಲು. “ಮುಂದ ಓದು” ಎಂದರು ಅತ್ತೆ. ಮೂರನೆಯದರ ಕೊನೆಗೆ ಊರಿಗೆ ಬೆಂಕಿ ಬಿತ್ತು. ನಾನು ಚಹಾ ಮಾಡಿ ತಂದೆ. ಯಾರದೋ ಫೋನು ಹೊಡೆದುಕೊಂಡು ಸುಮ್ಮನಾಯಿತು. ಹಿಂದಿನ ಓಣಿಯಲ್ಲಿ ಎಮ್ಮೆಗಳು ಹಿಂಡುವ ಹೊತ್ತಾಯಿತೆಂದು ಒದರತೊಡಗಿದವು. ನಿವೇದಿತಾಳ ಮುಖ ಅರಳಿತ್ತು.

“ನೋಡಿದ್ರಾ ಮೇಡಂ? ಒಬ್ರೂ ಎದ್ದಿಲ್ಲ! ಇದೇ ನಮಗೆ ಬೇಕಾಗಿರೋದು.”

ಅತ್ತೆ ಅವಳ ಕಡೆ ನೋಡಿದರು. ಸಿಟ್ಟಿರಲಿಲ್ಲ. “ಎದ್ದಿಲ್ಲ, ಖರೆ ಐತಿ. ಆದರ ಕಥಿ ಮಸ್ತ್ ಐತಿ ಅಂತ ಕುಂತಿಲ್ಲವಾ ನಾವು. ಮಂದೀನ ಬೆಂಕ್ಯಾಗ ಬಿಟ್ಟು ಹೆಂಗ ಎದ್ದು ಹೋಗೋದು ಅಂತ ಕುಂತೀವಿ. ಎಮ್ಮಿ ಹಿಂಡೋರು ಯಾರು?”

ಸಾವಿರಾರು ಮೈಲಿ ಆಚೆ ಕೂತ ಕಂಪನಿಗಳು ಈಗ ಕಂಡುಹಿಡಿದ ವಿದ್ಯೆ ನಮ್ಮ ಪಡಸಾಲೆಯವರಿಗೆ ಮೊದಲೇ ಗೊತ್ತಿತ್ತು. ಕೇಳುವವರನ್ನು ಕಟ್ಟಿಹಾಕುವುದು ಹೇಗೆ ಎಂದು ಗೊತ್ತಿದ್ದೇ ಅವರು ಅದಕ್ಕೆ ನಿಷೇಧ ಹಾಕಿದ್ದರು. ಹೀಗೆಂದು ನಾನು ನಿವೇದಿತಾಳಿಗೆ ಸಣ್ಣ ಭಾಷಣ ಮಾಡಿದೆ. ಅವಳು ಒಪ್ಪಲಿಲ್ಲ. “ಅಜ್ಜಿ, ಕಥೆ ಅಂದ್ರೆ ಸ್ವಲ್ಪ ಸಂಕಟ ಬೇಡ್ವಾ? ರಾತ್ರಿ ಮಲಗಿದಾಗಲೂ ಕಾಡಬೇಕಲ್ವಾ?” ಎಂದಳು. ಒಳ್ಳೆಯ ಪ್ರಶ್ನೆ.

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಆಮೇಲೆ, ನಾನು ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಕೇಳದಿದ್ದ ಮಾತು ಹೇಳಿದರು.

“ನಾ ಈ ಮನೀಗೆ ಬಂದ ಹೊಸತು. ಆವತ್ತು ಅಂಗಳದಾಗ ಓದೋ ಪುರಾಣದಾಗ ಒಬ್ಬ ರಾಜನ ಮಗ, ಸಣ್ಣಾವ, ಕಾಡಿನ್ಯಾಗ ತಾಯಿ ಕೈ ತಪ್ಪಿಸಿಕೊಂಡಿದ್ದ. ಅಷ್ಟೊತ್ತಿಗೆ ಮಳಿ ಬಂತು. ಪುಸ್ತಕ ತೊಯ್ತೈತಿ ಅಂತ ಜಲ್ದಿ ಮುಚ್ಚಿದ್ರು. ಅವತ್ತ ಸಂಜಿಕ ನನ್ನ ತವರೂರು ವಡ್ಡಿನಿಂದ ಸುದ್ದಿ ಬಂತು, ನಮ್ಮಣ್ಣ ಹೋದ ಅಂತ.” ಕನ್ನಡಕ ಮತ್ತೆ ಮೂಗಿಗೇರಿಸಿದರು. “ಮುಚ್ಚಿದ್ದಕ್ಕ ಅಣ್ಣ ಸತ್ತ ಅಂತ ಅನ್ನಂಗಿಲ್ಲ ನಾ. ಅವನ ಆಯುಷ್ಯ ಅಷ್ಟಿತ್ತು. ಆದರ ತವರುಮನ್ಯಾಗ ಅಣ್ಣನ್ನ ನೆನಸಿ ಅಳ್ತಿದ್ನಲ್ಲ, ನಡುವ ಆ ಹುಡುಗ ಬರ್ತಿದ್ದ. ಕಾಡಿನ್ಯಾಗ ಒಬ್ಬನ ಅದಾನಲ್ಲ, ಯಾರರ ನೀರು ಕೊಟ್ರೋ ಇಲ್ಲೋ ಅಂತ. ನನ್ನ ದುಃಖಾನ ನನಗ ಭಾಳ ಆಗಿತ್ತು ತಂಗಿ. ಅದರ ಜೋಡಿ ಅವಂದೂ ಹೊರಬೇಕಾತು. ತಿರುಗಿ ಬರೂದ್ರಾಗ ಪುರಾಣ ಮುಂದ ಹೋಗಿಬಿಟ್ಟಿತ್ತು. ಆ ಹುಡುಗ ಏನಾದ ಅಂತ ಯಾರನ್ನ ಕೇಳ್ಲಿ? ಅಣ್ಣ ಸತ್ತಾಗ ಈ ಹುಡುಗನ ಚಿಂತಿ ಮಾಡ್ತಾಳ ಅಂತ ನಗ್ತಾರಂತ ಕೇಳಲಿಲ್ಲ.”

ಮೂರು ಸಂಪುಟದ ತುಂಬ ನಾನು ಯಾವ ಹುಡುಗನನ್ನು ಕಾಡಿನಿಂದ, ನೀರಿನಿಂದ, ಗುಹೆಯಿಂದ ಮನೆಗೆ ಮುಟ್ಟಿಸುತ್ತಿದ್ದೆ ಎಂಬುದು ಬರೆದು ಮುಗಿಸಿದ ಮೇಲೆ ಈಗ ನನಗೆ ಗೊತ್ತಾಗುತ್ತಿದೆ ಅನ್ನಿಸಿತು.

ನಿವೇದಿತಾ ಸುಳಿಯ ಪುಟಕ್ಕೆ ಹಿಂದೆ ಹೋಗಿ ಮತ್ತೊಮ್ಮೆ ಓದಿಕೊಂಡಳು. ಆಮೇಲೆ ಮೆಲ್ಲಗೆ, “ಸುಳಿ ತೆಗೆಯೋಕಾಗಲ್ಲ ಅಜ್ಜಿ” ಎಂದಳು.

“ತಗಿ ಅಂದವರು ಯಾರು? ಸುಳಿ ಇರಲಿ. ಸುಳಿ ಇಲ್ಲದ ಹೊಳಿ ಎಲ್ಲೈತಿ? ಆದರ ಮುಚ್ಚೂಕಿಂತ ಮೊದಲು ಆಚಿ ದಂಡ್ಯಾಗ ಒಬ್ಬಾಕಿ ಒಲಿ ಹಚ್ಚಲಿ.”

“ಯಾರು ಅವಳು?”

“ಯಾರರ ಆಗಲಿ. ಒಲಿ ಹೊತ್ತೇತಿ ಅಂದ್ರ ಉಣ್ಣಾಕ ಬರೋರು ಅದಾರ ಅಂತ. ಅಷ್ಟು ತಿಳಿದ್ರ ಸಾಕು, ನಾವು ಎದ್ದು ಹೋಗ್ತೀವಿ. ನಾಳೆ ಬಾ ಅಂದ್ರ ಬರ್ತೀವಿ. ನಾವೇನು ಓಡಿ ಹೋಗೂದಿಲ್ಲ.”

ನಿವೇದಿತಾ ಅಲ್ಲೇ ಕೂತು ಬರೆದುಕೊಂಡಳು. ಆಚೆ ದಂಡೆಯ ಕತ್ತಲಲ್ಲಿ ಒಂದು ಕೈ, ಒಣಗಿದ ಕಡ್ಡಿ, ಊದುಗೊಳವೆ, ಹೊಗೆ, ಆಮೇಲೆ ಉರಿ. ಮಾತಿಲ್ಲ, ಮುಖವೂ ಇಲ್ಲ. ಬರೆದದ್ದನ್ನು ಓದಿದಾಗ ಶಂಕ್ರಮ್ಮ ಬತ್ತಿ ಪೂರ್ತಿ ಹೊಸೆದು ಎದ್ದು ನಿಂತರು. ಅದಕ್ಕಿಂತ ದೊಡ್ಡ ಪ್ರಶಸ್ತಿ ನಮ್ಮ ಓಣಿಯಲ್ಲಿಲ್ಲ.

ಪ್ರತಿ ಕಂತಿನ ಕೊನೆಗೂ ಇಂಥದ್ದೊಂದು ಒಲೆ ಎಂದರೆ ಕಂಪನಿಯವರು ಒಪ್ಪಲಿಲ್ಲ. ಫೋನಿನಲ್ಲಿ ದೊಡ್ಡ ಮೀಟಿಂಗ್ ಆಯಿತು. ಒಲೆ ಹಚ್ಚಿದರೆ ಬಿಗಿ ಸಡಿಲವಾಗುತ್ತದೆ, ಜನ ಆಫ್ ಮಾಡುತ್ತಾರೆ ಎಂದರು. ಬೇಕಾದರೆ ಕೊನೆಯ ಕಂತಿನಲ್ಲಿ ಒಂದು ದೊಡ್ಡ ಒಲೆ ಹಚ್ಚೋಣ ಎಂದೊಬ್ಬರು ಉದಾರವಾಗಿ ಹೇಳಿದರು. ಅವರಿಗೆ ನನ್ನ ಒಪ್ಪಿಗೆ ಬೇಕಿತ್ತು. ಕರಾರಿನಲ್ಲಿ ಕಥೆ ಬದಲಿಸಿದರೆ ನನ್ನನ್ನು ಕೇಳಬೇಕು ಎಂದು ಬರೆಸಿದವರು ನಮ್ಮ ಮನೆಯವರು. “ಭತ್ತ ಮಾರಿದ್ರೂ ಚೀಲ ನಮ್ದು ಅಂತ ಬರಸ್ಕೊ” ಎಂದಿದ್ದರು. ಮಿಲ್ಲಿನ ಜಾಣತನ ಸಾಹಿತ್ಯಕ್ಕೆ ಹೀಗೆ ಒದಗಿತು.

ಒಲೆ ಬೇಕೆಂದು ಹಟ ಹಿಡಿದರೆ ಸರಣಿಯೇ ನಿಂತುಹೋಗಬಹುದು ಎಂದು ಅವರು ನಯವಾಗಿ ತಿಳಿಸಿದರು. ನಿಂತರೆ ಅತ್ತೆ ನೀಲಬ್ಬೆಯನ್ನು ನೋಡುವುದೇ ಇಲ್ಲ. ಒಲೆ ಬಿಟ್ಟರೆ ನೋಡುತ್ತಾರೆ, ಆದರೆ ಪ್ರತಿ ಸಲವೂ ಆ ಹುಡುಗನನ್ನು ಹೊತ್ತುಕೊಂಡು ಏಳುತ್ತಾರೆ. ನಾನು ಒಂದು ದಿನ ಪೂರ್ತಿ ಮಿಲ್ಲಿನ ಕುರ್ಚಿಯಲ್ಲಿ ಕೂತು ಯೋಚಿಸಿದೆ. ಒಪ್ಪಿಗೆ ಕೊಟ್ಟುಬಿಡು ಎಂದು ಒಂದು ಮನಸ್ಸು ಹತ್ತು ಸಲ ಹೇಳಿತು. ಸಂಜೆ ಫೋನ್ ಮಾಡಿ, ಕಲೆಯ ಸ್ವಾತಂತ್ರ್ಯ, ನಮ್ಮ ಕಥನ ಪರಂಪರೆ ಎಂದೆಲ್ಲ ಶುರು ಮಾಡಿದೆ. ಆಚೆಯವರು ಆಕಳಿಸಿದ್ದು ಕೇಳಿಸಿತು. ಕೊನೆಗೆ, “ನಮ್ಮ ಅತ್ತಿ ಒಪ್ಪೂದಿಲ್ರಿ” ಎಂದೆ. ಫೋನಿನ ಆ ತುದಿಯಲ್ಲಿ ಬೇರೆ ಬೇರೆ ರಾಜ್ಯದವರಿದ್ದರು. ಎಲ್ಲರಿಗೂ ಥಟ್ಟನೆ ಅರ್ಥವಾಗಿ ಸುಮ್ಮನಾದರು.

ಆಮೇಲೆ ಎಷ್ಟೋ ತಿಂಗಳು ಸುದ್ದಿಯಿಲ್ಲ. ಒಂದು ಬೆಳೆ ಬಂದು ಇನ್ನೊಂದು ಬೆಳೆ ನಾಟಿಯಾಯಿತು. ನಾನು ಹೋಯಿತೆಂದೇ ತಿಳಿದೆ. ಅತ್ತೆ ಒಮ್ಮೆಯೂ ಕೇಳಲಿಲ್ಲ. ನಾನೇ ಒಂದು ದಿನ, “ಟೀವಿದು ಏನಾತೋ ಏನೋ ಅತ್ತಿ” ಎಂದರೆ, “ಆಗದಿದ್ರ ನೀ ಓದಿ ಹೇಳ್ತಿಯಲ್ಲ” ಎಂದರು. ಅಷ್ಟು ವಿಶ್ವಾಸ ಯಾವ ಕಂಪನಿಯೂ ನನ್ನ ಮೇಲೆ ಇಟ್ಟಿಲ್ಲ.

ಆ ತಿಂಗಳುಗಳಲ್ಲಿ ನಿವೇದಿತಾ ಬೆಂಗಳೂರಿನಲ್ಲಿ ಕೂತು ನನಗಿಂತ ಗಟ್ಟಿಯಾಗಿ ಜಗಳವಾಡುತ್ತಿದ್ದಳು ಎಂದು ಆಮೇಲೆ ತಿಳಿಯಿತು. ಮೊದಲ ಕಂತನ್ನಷ್ಟೇ ಮಾದರಿಗೆಂದು ತೆಗೆಸಿ, ಎರಡೂ ಬಗೆಯಲ್ಲಿ ಕೆಲವರಿಗೆ ತೋರಿಸಿದಳಂತೆ. ಒಲೆ ಇಲ್ಲದ್ದನ್ನು ನೋಡಿದವರು ಮುಂದಿನದು ಹಾಕಿ ಎಂದರಂತೆ. ಒಲೆ ಇದ್ದದ್ದನ್ನು ನೋಡಿದವರು, ಆ ಒಲೆ ಹಚ್ಚಿದವಳು ಯಾರು ಎಂದು ಕೇಳಿದರಂತೆ, ಮನೆಗೆ ಹೋದ ಮೇಲೂ ಮೆಸೇಜು ಮಾಡಿ ಕೇಳಿದರಂತೆ. ಈಗ ಕಂಪನಿಯವರಿಗೆ ಒಲೆ ಇಷ್ಟವಾಯಿತು. ಅದು ತಮ್ಮದೇ ಹೊಸ ಪ್ರಯೋಗ ಎಂದು ಹೇಳಿಕೊಳ್ಳತೊಡಗಿದರು. ಹೇಳಿಕೊಳ್ಳಲಿ. ಒಲೆಗೆ ಯಾರ ಹೆಸರು ಬರೆದಿರುತ್ತದೆ?

ಆರನೆಯ ಕಂತಿಗೆ ಮಾತ್ರ ನಿರ್ದೇಶಕರು ಒಪ್ಪಲಿಲ್ಲ. ಅಲ್ಲಿ ಉಕ್ಕುಮುಕ್ಕ ಗುಹೆಯ ಬಾಯಿ ಮುಚ್ಚುತ್ತದೆ. ಒಳಗೆ ಹುಡುಗ ಒಬ್ಬನೇ. ಆ ಕತ್ತಲು ಕತ್ತಲಾಗಿಯೇ ಇರಬೇಕು ಎಂದರು. ಏಳು ಸಿಕ್ಕಿದಾಗ ಒಂದು ಬಿಡುವುದು ವ್ಯಾಪಾರದ ಮರ್ಯಾದೆ. ಒಪ್ಪಿದೆ. ಅತ್ತೆಗೆ ಹೇಳಲು ಬಾಯಿ ಬರಲಿಲ್ಲ.

ಸರಣಿ ಬಿಡುಗಡೆಯಾದಾಗ ನಮ್ಮ ಮನೆಯವರು ಹೊಸಪೇಟೆಯಿಂದ ದೊಡ್ಡ ಟೀವಿ ತಂದರು. ಪಡಸಾಲೆಯಲ್ಲಿ ಮಧ್ಯಾಹ್ನ ದಿನಕ್ಕೊಂದು ಕಂತು ಎಂದು ಅತ್ತೆ ಗೊತ್ತುಮಾಡಿದರು. ಜಗತ್ತೆಲ್ಲ ಒಂದೇ ಪಟ್ಟಿಗೆ ಎಂಟೂ ನೋಡುತ್ತಿದ್ದಾಗ ಕಂಪ್ಲಿಯ ನಮ್ಮ ಓಣಿ ಪುರಾಣದ ಲೆಕ್ಕದಲ್ಲಿ ನಡೆಯಿತು. ಮೊದಲ ದಿನ ಬಂಡೆಗಳು ಕಂಡ ಕೂಡಲೇ ಶಂಕ್ರಮ್ಮ, “ಇವು ನಮ್ಮ ಕಡೀ ಬಂಡಿ ಅಲ್ಲ ಬಿಡ್ರಿ” ಎಂದರು. ಆಮೇಲೆ ನೀಲಬ್ಬೆ ಬಂದಳು. ಹರಿಗೋಲಿನಲ್ಲಿ ನಿಂತು, ಮಗನನ್ನು ಒಂದು ಕೈಯಲ್ಲಿ ಹಿಡಿದು. ನಾನು ಟೀವಿ ನೋಡಲಿಲ್ಲ, ಅತ್ತೆಯ ಮುಖ ನೋಡಿದೆ. ಅವರು ಬಹಳ ಹೊತ್ತು ದಿಟ್ಟಿಸಿದರು.

“ಇಕಿನ ಏನು ನೀಲಬ್ಬಿ?”

“ಹೌದ್ರಿ ಅತ್ತಿ.”

“ಭಾಳ ಸೊರಗ್ಯಾಳಲ್ಲ. ರಾಣಿಗೆ ಊಟ ಹಾಕಾಂಗಿಲ್ಲೇನು ಅವರು?” ಎಂದರು. ಆದರೆ ಕಣ್ಣು ತೆಗೆಯಲಿಲ್ಲ.

ಸುಳಿ ಬಂತು, ಕತ್ತಲಾಯಿತು, ಆಚೆ ದಂಡೆಯಲ್ಲಿ ಒಲೆ ಹೊತ್ತಿತು. ಟೀವಿಯ ಮೂಲೆಯಲ್ಲಿ ಮುಂದಿನ ಕಂತು ಇನ್ನೇನು ಶುರು ಎಂದು ಅಂಕಿ ಇಳಿಯತೊಡಗಿತು. “ಬಂದ್ ಮಾಡು” ಎಂದು ಅತ್ತೆ ಎದ್ದರು, ಎಲ್ಲರೂ ಎದ್ದರು. ಕೂತಲ್ಲೇ ಚಡಪಡಿಸಿದವಳು ನಾನೊಬ್ಬಳೇ. ಕಥೆ ನನ್ನದೇ, ಮುಂದೇನೆಂದು ಗೊತ್ತು, ಆದರೂ ಹುಕ್ಕು ಚುಚ್ಚಿದ್ದು ನನಗೆ. ಐದು ದಿನ ಹೀಗೇ ನಡೆಯಿತು.

ಆ ಐದೂ ದಿನ ನನಗೆ ಆರನೆಯದರದೇ ದಿಗಿಲು. ಆರನೆಯ ದಿನ ಗುಹೆಯ ಬಾಯಿ ಮುಚ್ಚಿತು. ಒಳಗಿನಿಂದ ಹುಡುಗ ಒಂದು ಸಲ ಅವ್ವಾ ಎಂದ. ಕತ್ತಲು. ಎಲ್ಲರೂ ಕಾದರು. ಕಡ್ಡಿ ಗೀರುವ ಸದ್ದಿಲ್ಲ, ಹೊಗೆಯಿಲ್ಲ. ಮೂಲೆಯಲ್ಲಿ ಅಂಕಿ ಇಳಿಯತೊಡಗಿತು.

“ಇದಕ್ಕ ಒಲಿ ಇಲ್ಲೇನು?” ಎಂದರು ಅತ್ತೆ. ದನಿ ಸಣ್ಣದಾಗಿತ್ತು.

“ಇಲ್ರಿ ಅತ್ತಿ. ಇದೊಂದಕ್ಕ ಅವರು ಒಪ್ಪಲಿಲ್ಲ.”

ಅತ್ತೆ ನನ್ನನ್ನು ಬೈಯಲಿಲ್ಲ. ಮುಂದಿನದು ನೋಡೋಣ ಎಂದೂ ಅನ್ನಲಿಲ್ಲ. ಮೊಣಕಾಲಿನ ಮೇಲೆ ಕೈಯೂರಿ ಎದ್ದು, ನಮ್ಮೆಲ್ಲರ ನಡುವೆ ದಾರಿ ಮಾಡಿಕೊಂಡು ಅಡುಗೆಮನೆಗೆ ಹೋದರು. ಪಾತ್ರೆಗೆ ನೀರು ಬಿದ್ದ ಸದ್ದು ಕೇಳಿಸಿತು. ಲೈಟರ್ ಎರಡು ಸಲ ಟಕ್ ಎಂದಿತು, ಗ್ಯಾಸು ಭುಸ್ಸೆಂದು ಹೊತ್ತಿಕೊಂಡಿತು.

“ಹಚ್ಚೀನಿ ನೋಡ್ರಿ,” ಎಂದು ಒಳಗಿನಿಂದಲೇ ಕೂಗಿದರು. “ಈಗ ಬಂದ್ ಮಾಡ್ರಿ.”

ನಾನು ರಿಮೋಟ್ ಒತ್ತಿದೆ. ಆವತ್ತು ಚಹಾಕ್ಕೆ ಸಕ್ಕರೆ ಎರಡು ಸಲ ಬಿದ್ದಿತ್ತು. ಎಲ್ಲರೂ ಪೂರ್ತಿ ಕುಡಿದು, ಎದ್ದು ಮನೆಗೆ ಹೋದರು.